ಹನ್ನೊಂದು ಗಂಟೆಯ ಬಸ್ಸಿಗೆ ಬರುವವರು

ದಿನ ೯೧, ಗುರುವಾರ. ಬೆಳಿಗ್ಗೆ ಆರೂ ಮುಕ್ಕಾಲಿಗೆ ನಾನು ಅಡುಗೆಮನೆಗೆ ಇಳಿದಾಗ ದೋಸೆ ಕಾವಲಿ ಕಾದು ಹೊಗೆಯಾಡುತ್ತಿತ್ತು, ಅದರ ಮುಂದೆ ಯಾರೂ ಇರಲಿಲ್ಲ. ಹೊರಗೆ ಮಡಿಕೇರಿಗೆ ಹೊರಟ ಎರಡು ಗಾಡಿಗಳ ಜನ ಇಳಿದು ಕೈ ತೊಳೆದು ಕೂತಾಗಿತ್ತು. ಅಡುಗೆಯ ಭಟ್ಟರು ಸಾಂಬಾರಿನ ಸೌಟು ಕೆಳಗಿಟ್ಟು, ಪಂಚೆ ಎತ್ತಿ ಕಟ್ಟಿ, ತಾವೇ ಕಾವಲಿಯ ಮುಂದೆ ಹೋಗಿ ನಿಂತರು.

"ದೋಸೆಯವರು ಎಲ್ಲಿ?" ಎಂದು ಕೇಳಿದೆ.

"ನಿನ್ನೆ ರಜೆಗೆ ಹೋದವರು ಬರ್ಲಿಲ್ಲ. ಫೋನು ಸ್ವಿಚ್ ಆಫ್. ನಿಮ್ಮ ಪುಸ್ತಕದಲ್ಲಿ ಬರ್ಕೊಳ್ಳಿ ಮೇಡಂ, ಹದಿನೇಳು."

ನನ್ನ ಪುಸ್ತಕದ ವಿಷಯ ಎಲ್ಲರಿಗೂ ಗೊತ್ತಿತ್ತು. ಕೆಲಸಕ್ಕೆ ಸೇರಿದ ದಿನವನ್ನು ಒಂದು ಎಂದು ಹಿಡಿದು ಅಲ್ಲಿಂದ ದಿನಗಳಿಗೆ ನಂಬರು ಹಾಕುತ್ತ ಬಂದಿದ್ದೆ. ಸುಳ್ಯದಿಂದ ಮಡಿಕೇರಿಗೆ ಹೋಗುವ ರಸ್ತೆಯಲ್ಲಿ, ಘಾಟಿ ಹತ್ತುವ ಮೊದಲು, ಸಂಪಾಜೆಯ ಹತ್ತಿರ ನಮ್ಮ ಹೋಟೆಲು. ಕೆಳಗೆ ಊಟ ತಿಂಡಿ, ಮೇಲೆ ಹದಿನಾಲ್ಕು ರೂಮು. ಹಾಜರಿ ಪುಸ್ತಕದಲ್ಲಿ ಇಪ್ಪತ್ತಾರು ಹೆಸರು. ನಾನು ಸಹಾಯಕ ಮ್ಯಾನೇಜರ್ ಎಂದು ಸೇರಿದ್ದೆ. ನಿಜವಾದ ಕೆಲಸ ಮಾತ್ರ ಒಂದೇ ಆಗಿತ್ತು: ಬಿಟ್ಟು ಹೋದವರ ಜಾಗಕ್ಕೆ ಜನ ಹುಡುಕುವುದು.

ಪುಸ್ತಕದಲ್ಲಿ ಅದಕ್ಕಾಗಿಯೇ ಒಂದು ಪುಟ ಇತ್ತು. ಯಾರು, ಯಾವ ವಾರ, ಹೇಳಿದ ಕಾರಣ, ಬಿಟ್ಟು ಹೋದ ವಸ್ತು. ತೊಂಬತ್ತೊಂದು ದಿನಕ್ಕೆ ಹದಿನೇಳು ಜನ. ಹೇಳಿದ ಕಾರಣಗಳು: "ಮನೆಯಲ್ಲಿ ಸ್ವಲ್ಪ ಕೆಲಸ ಉಂಟು" ಒಂಬತ್ತು, "ಅಜ್ಜಿಗೆ ಹುಷಾರಿಲ್ಲ" ನಾಲ್ಕು, ಏನೂ ಹೇಳದೆ ಫೋನು ತೆಗೆಯದವರು ನಾಲ್ಕು. "ನಿಮ್ಮ ಹೋಟೆಲು ಬೇಡ" ಎಂದು ಮುಖಕ್ಕೆ ಹೇಳಿದವರು ಸೊನ್ನೆ. ಬಿಟ್ಟು ಹೋದ ವಸ್ತುಗಳಲ್ಲಿ ಚಪ್ಪಲಿ, ಛತ್ರಿ, ಸೋಪಿನ ಪೆಟ್ಟಿಗೆ, ಒಬ್ಬರ ಹೊಸ ಪ್ಯಾಂಟು. ಹೊಸ ಪ್ಯಾಂಟು ಬಿಟ್ಟು ಹೋದವನು ಬರುವುದಿಲ್ಲ ಎಂದುಕೊಂಡು ಹೋಗಿರಲಿಕ್ಕಿಲ್ಲ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಅದೇ ದಿನ ಮಧ್ಯಾಹ್ನ ಒಂಬತ್ತನೇ ನಂಬರಿನ ರೂಮಿಗೆ ಹೋದೆ. ರೂಮುಗಳ ಉಸ್ತುವಾರಿ ನೋಡುತ್ತಿದ್ದ, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವರು, ಹಿಂದಿನ ವಾರ ಸೇರಿದ ಹೆಂಗಸೊಬ್ಬಳಿಗೆ ಬೆಡ್‌ಶೀಟಿನ ಮೂಲೆ ಮಡಚುವುದನ್ನು ಕಲಿಸುತ್ತಿದ್ದರು. ಕೊಲ್ಲಮೊಗ್ರು ಎಂಬ ಊರಿನವರು, ಹನ್ನೊಂದು ವರ್ಷದಿಂದ ಇಲ್ಲಿದ್ದವರು. ಇಪ್ಪತ್ತಾರು ಹೆಸರಿನಲ್ಲಿ ಅಷ್ಟು ಹಳೆಯ ಹೆಸರು ಇನ್ನೊಂದಿರಲಿಲ್ಲ. ಯಾವ ರೂಮಿನ ನಲ್ಲಿ ಎಷ್ಟು ತಿರುಗಿಸಿದರೆ ಬಿಸಿನೀರು ಬರುತ್ತದೆ, ಯಾವ ಕಿಟಕಿಯಿಂದ ಮಂಗ ನುಗ್ಗುತ್ತದೆ ಎಂಬುದು ಅವರ ತಲೆಯಲ್ಲಲ್ಲದೆ ಬೇರೆಲ್ಲೂ ಬರೆದಿರಲಿಲ್ಲ.

ಹೊಸಬಳನ್ನು ಬಕೆಟ್ ತರಲು ಕಳಿಸಿ ಅಕ್ಕ ನನ್ನ ಕಡೆ ತಿರುಗಿದರು.

"ನೋಡು ಮಾರಾಯ್ತಿ, ಒಂದು ಮಾತು ಹೇಳ್ತೇನೆ. ಇನ್ನು ಇಬ್ಬರಿಗೆ ಕಲಿಸ್ತೇನೆ. ಮೂರನೆಯವಳು ಬಂದ ದಿನ ನಾನು ಮನೆಗೆ."

"ಅಕ್ಕಾ, ತಮಾಷೆ ಮಾಡ್ಬೇಡಿ."

"ಎಂತ ತಮಾಷೆ? ಕಲಿಸುದು, ಅವರು ಹೋಗುದು. ಪುನಃ ಕಲಿಸುದು, ಪುನಃ ಹೋಗುದು. ನಂಗೆ ಈ ಬೆಡ್‌ಶೀಟಿನ ಮೂಲೆ ಕನಸಿನಲ್ಲಿ ಬರ್ತದೆ. ನಮ್ಮ ಊರಲ್ಲೇ ಒಂದು ಹೋಂಸ್ಟೇ ಆಗಿದೆ, ನಾಲ್ಕು ರೂಮು, ಬಾ ಅಂತ ಕರೀತಿದ್ದಾರೆ."

ನಾನು ಕೆಳಗೆ ಬಂದು ಪುಸ್ತಕದಲ್ಲಿ "ಅಕ್ಕ: ೨" ಎಂದು ಬರೆದು ಸುತ್ತ ಗೆರೆ ಹಾಕಿದೆ. ಅಕ್ಕ ಹೋದರೆ ಹದಿನಾಲ್ಕು ರೂಮು ನಡೆಯುವುದಿಲ್ಲ. ರೂಮು ನಡೆಯದಿದ್ದರೆ ಮೇಲಿನ ಮಹಡಿಗೆ ಬೀಗ ಹಾಕುವುದೇ ಎಂದು ಮಾಲಕರು ಆಗಲೇ ಎರಡು ಸಲ ಹೇಳಿದ್ದರು. ಸಂಬಳ ಹೆಚ್ಚಿಸಿ ನೋಡಿದ್ದೂ ಆಗಿತ್ತು. ಹೆಚ್ಚು ಸಂಬಳ ಪಡೆದವರು ಹೆಚ್ಚು ಸಂಬಳ ಪಡೆದುಕೊಂಡೇ ಹೋಗಿದ್ದರು.

ನನ್ನ ಮೊದಲ ಉಪಾಯವನ್ನು ನೆನೆದರೆ ಈಗಲೂ ನಗು ಬರುತ್ತದೆ. ಕಾಲೇಜಿನಲ್ಲಿ ಓದುವಾಗ ಕಲಿತದ್ದನ್ನು ನೆನಪು ಮಾಡಿಕೊಂಡು "ತಿಂಗಳ ಉತ್ತಮ ನೌಕರ" ಎಂಬ ಹಲಗೆ ಮಾಡಿಸಿ, ಗಿರಾಕಿಗಳಿಗೆ ಚೆನ್ನಾಗಿ ಕಾಣುವ ಹಾಗೆ ಕೌಂಟರಿನ ಹಿಂದೆ ತೂಗುಹಾಕಿದೆ. ಮೊದಲ ಫೋಟೋ ಬಡಿಸುವವರಲ್ಲಿ ಎಲ್ಲರಿಗಿಂತ ಚುರುಕಿನವನದು. ಘಾಟಿಯ ಮೇಲಿನ ರೆಸಾರ್ಟೊಂದರವರು ತಿಂಡಿಗೆ ಬಂದವರು ಫೋಟೋ ನೋಡಿದರು, ಆಳನ್ನೂ ನೋಡಿದರು. ಹನ್ನೆರಡನೇ ದಿನಕ್ಕೆ ಅವನು ಅಲ್ಲಿದ್ದ. ಅವನ ಜಾಗಕ್ಕೆ ಹಾಕಿದ ಎರಡನೇ ಫೋಟೋ ಕಡಬದ ಕಡೆಯಿಂದ ಬರುತ್ತಿದ್ದ ರೂಮಿನ ಹೆಂಗಸಿನದು. ಅವಳನ್ನು ಕರೆದುಕೊಂಡು ಹೋಗಲು ಒಂಬತ್ತು ದಿನ ಸಾಕಾಯಿತು. ಒಳ್ಳೆಯ ಕೆಲಸದವರು ಯಾರೆಂದು ಹುಡುಕುವ ಕಷ್ಟವನ್ನು ದಾರಿಯಲ್ಲಿ ಹೋಗುವ ಎಲ್ಲ ಹೋಟೆಲಿನವರಿಗೂ ನಾನು ತಪ್ಪಿಸಿಕೊಟ್ಟಿದ್ದೆ.

ಮೂರನೇ ಸಲ ಭಟ್ಟರ ಫೋಟೋ ತೆಗೆಯಲು ಹೋದಾಗ ಅವರು ಸೌಟನ್ನು ಮುಖಕ್ಕೆ ಅಡ್ಡ ಹಿಡಿದರು.

"ಬೇಡ ಮಾರಾಯ್ರೆ, ನಂಗೆ ಇಲ್ಲೇ ಇರ್ಬೇಕು ಅಂತ ಉಂಟು."

ಹಲಗೆ ಕೆಳಗಿಳಿಯಿತು. ಕಡಬದವಳ ಜಾಗಕ್ಕೆ ಬಂದವಳಿಗೆ ಅಕ್ಕ ಬೆಡ್‌ಶೀಟು ಕಲಿಸಿದರು. ಪುಸ್ತಕದಲ್ಲಿ "ಅಕ್ಕ: ೧".

ಎರಡನೇ ಉಪಾಯ ಒಂದು ಡಬ್ಬಿ. ಹೆಸರು ಬರೆಯದೆ ತೊಂದರೆ ಬರೆದು ಹಾಕಿ ಎಂದು ಎಲ್ಲರಿಗೂ ಚೀಟಿ ಹಂಚಿದೆ. ಇಪ್ಪತ್ತೆರಡು ಚೀಟಿ ಬಂದವು. ಹತ್ತೊಂಬತ್ತರಲ್ಲಿ "ತೊಂದರೆ ಇಲ್ಲ". ಒಂದರಲ್ಲಿ "ಸಾಂಬಾರಿಗೆ ಬೆಲ್ಲ ಜಾಸ್ತಿ". ಅದನ್ನು ಭಟ್ಟರಿಗೆ ತೋರಿಸಲಿಲ್ಲ. ಒಂದು ಖಾಲಿ. ಕೊನೆಯದರಲ್ಲಿ ಒಂದು ಪ್ರಶ್ನೆ: "ಈ ಡಬ್ಬಿಯ ಕೀ ಯಾರ ಹತ್ರ ಉಂಟು?"

ಆ ವಾರವೇ ರೂಮಿನ ಇನ್ನೊಬ್ಬಳು ರಜೆಗೆ ಹೋದವಳು ಬರಲಿಲ್ಲ. ಅವಳ ಚೀಟಿಯೂ "ತೊಂದರೆ ಇಲ್ಲ"ಗಳಲ್ಲೇ ಇದ್ದಿರಬೇಕು. ಅವಳ ಬದಲಿಗೆ ನೆಟ್ಟಣದ ಕಡೆಯ ಹುಡುಗಿಯೊಬ್ಬಳು ಸೇರಿದಳು. ಪಿಯುಸಿ ಮುಗಿಸಿದವಳು, ಮಾತು ಕಡಿಮೆ, ಕೈ ಚುರುಕು. ಮೂರೇ ದಿನದಲ್ಲಿ ಅವಳು ಮೂಲೆ ಮಡಚಿದ್ದನ್ನು ನೋಡಿ ಅಕ್ಕ ಏನೂ ಹೇಳಲಿಲ್ಲ. ಅಂದರೆ ಚೆನ್ನಾಗಿ ಬಂದಿದೆ ಎಂದು ಅರ್ಥ. ಪುಸ್ತಕದಲ್ಲಿ "ಅಕ್ಕ: ೦" ಎಂದು ಬರೆದೆ. ಇನ್ನು ರೂಮಿಗೆ ಯಾರು ಹೊಸಬರು ಬಂದರೂ ಅಕ್ಕ ಹೊರಡುತ್ತಾರೆ.

ದಿನ ೧೫೦. ಬಿಟ್ಟು ಹೋದವರು ಇಪ್ಪತ್ತೊಂದು. ಆ ಪುಟವನ್ನು ಹೊಸದಾಗಿ ಬರೆಯುತ್ತ, ಕಾರಣದ ಸಾಲನ್ನು ಪೂರ್ತಿ ಬಿಟ್ಟುಬಿಟ್ಟೆ. ಬದಲಿಗೆ, ಹೋದ ದಿನಕ್ಕೂ ಅವರ ವಾರದ ರಜೆಗೂ ಎಷ್ಟು ದಿನದ ಅಂತರ ಎಂದು ಹಾಕಿದೆ. ಹದಿನೈದು ಜನರ ಎದುರು ಸೊನ್ನೆ ಬಂತು. ಅವರು ಕೆಲಸ ಬಿಟ್ಟು ಹೋದವರಲ್ಲ, ರಜೆಗೆ ಹೋದವರು. ಹೋದವರು ಹಿಂದೆ ಬರಲಿಲ್ಲ, ಅಷ್ಟೆ.

ಸಂಜೆ ಅಕ್ಕನ ಹತ್ತಿರ ಕೇಳಿದೆ. "ರಜೆಯ ದಿನ ಇವರಿಗೆಲ್ಲ ಎಂತ ಆಗ್ತದೆ ಅಕ್ಕ?"

"ಬುಧವಾರ ನಂಗೆ ರಜೆ ಉಂಟು. ನೀನೂ ಬಾ. ನೋಡು."

ನನ್ನ ಊರು ಪುತ್ತೂರು. ಮಂಗಳೂರಿನ ಬಸ್ಸು ಹೋಟೆಲಿನ ಎದುರೇ ನಿಲ್ಲುತ್ತದೆ, ಹತ್ತಿ ಒಂದು ನಿದ್ದೆ ಮಾಡಿದರೆ ಮನೆ. ಎಲ್ಲರಿಗೂ ಹಾಗೆಯೇ ಎಂದು ನಾನು ತಿಳಿದುಕೊಂಡಿದ್ದೆ.

ದಿನ ೧೫೩ರ ಪುಟದಲ್ಲಿ ಇರುವುದು ಬರೀ ವೇಳೆಗಳು. ೬.೫೦ಕ್ಕೆ ಹೋಟೆಲಿನೆದುರು ಬಸ್ಸು. ಹಿಂದಿನ ರಾತ್ರಿ ಒಂಬತ್ತಕ್ಕೆ ಕೆಲಸ ಮುಗಿದರೂ ಆ ಹೊತ್ತಿಗೆ ಬಸ್ಸಿಲ್ಲ. ೭.೩೫ಕ್ಕೆ ಸುಳ್ಯ. ಅಲ್ಲಿ ಒಂದು ಗಂಟೆಗೂ ಮಿಕ್ಕಿ ಕಾಯುವುದು. ೮.೪೦ಕ್ಕೆ ಗುತ್ತಿಗಾರಿನ ಮೇಲೆ ಹೋಗುವ ಬಸ್ಸು. ೧೦.೨೦ಕ್ಕೆ ಇಳಿದು ಇಪ್ಪತ್ತೈದು ನಿಮಿಷ ಏರುದಾರಿ. ೧೦.೪೫ಕ್ಕೆ ಅಕ್ಕನ ಅಂಗಳ. ಮರುದಿನ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ನಿಲ್ಲಬೇಕಾದರೆ ಎರಡೂವರೆಗೆ ಮನೆ ಬಿಡಲೇಬೇಕು, ಅದರ ನಂತರದ ಬಸ್ಸಿಗೆ ಸುಳ್ಯದಿಂದ ಮುಂದೆ ಸಂಪರ್ಕ ಸಿಗುವುದಿಲ್ಲ. ವಾರದ ರಜೆ ಎಂದರೆ ಮನೆಯಲ್ಲಿ ಮೂರೂ ಮುಕ್ಕಾಲು ಗಂಟೆ.

ಅಷ್ಟರಲ್ಲಿ ಅಕ್ಕ ಎರಡು ಕಂಬಳಿ ಒಗೆದರು, ಕೊಟ್ಟಿಗೆ ಗುಡಿಸಿದರು, ಮಗಳ ಪರೀಕ್ಷೆಯ ಹಾಳೆ ನೋಡಿ ಬೈದರು, ಬೈದದ್ದಕ್ಕೆ ಸಮಾಧಾನವನ್ನೂ ಮಾಡಿದರು. ಊಟಕ್ಕೆ ಕೂತಾಗ ಅವರ ಅತ್ತೆ ನನಗೆ ಬಸಳೆಯ ಪದಾರ್ಥ ಬಡಿಸುತ್ತ ಹೇಳಿದರು.

"ನಮ್ಮ ಸೊಸೆ ಬರುದು ಬಸ್ಸಿನ ಹಾಗೆ. ಇಳಿಯುವವರು ಇಳಿಯಿರಿ, ಹತ್ತುವವರು ಹತ್ತಿ, ರೈಟ್, ಪೋಯಿ!" ಆಮೇಲೆ ಅಕ್ಕನಿಗೆ, "ಇವತ್ತು ನಿಲ್ಲು ಮಾರಾಯ್ತಿ. ನಾಳೆ ಹೋದ್ರೆ ಆಯ್ತಲ್ಲ."

ಅಕ್ಕ ಕೈ ತೊಳೆಯಲು ಎದ್ದರು.

ಮರಳುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತು ಹೇಳಿದರು. "ಪ್ರತಿ ಸಲ ಅತ್ತೆ ಹಾಗೆಯೇ ಹೇಳುದು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ನಾನು ನಿಲ್ಲಲಿಲ್ಲ. ನಿಂತಿದ್ರೆ ಪುನಃ ಬರ್ತಿರ್ಲಿಲ್ಲ."

"ಮರುದಿನ ಬರಬಹುದಿತ್ತಲ್ಲ?"

"ಹೇಗೆ ಬರುದು? ಕೌಂಟರಿನ ಎದುರಿಂದಲೇ ಒಳಗೆ ಹೋಗ್ಬೇಕು. ಧಣಿ ಕೂತಿರ್ತಾರೆ. ಅವರು ಬೈಯುದಿಲ್ಲ, ಅದೇ ಕಷ್ಟ. ಬೈದ್ರೆ ಬೈಸಿಕೊಂಡು ಒಳಗೆ ಹೋಗ್ಬಹುದು. ಅವರು ಎಲ್ಲರ ಎದುರು 'ಓಹೋ, ಸವಾರಿ ಬಂತಾ?' ಅಂತ ಜೋರಾಗಿ ಕೇಳುದು. ಗಿರಾಕಿಗಳೂ ತಿರುಗಿ ನೋಡುದು. ಅದಕ್ಕಿಂತ ಮನೆಯಲ್ಲೇ ಕೂತ್ರೆ ಮರ್ಯಾದೆ ಉಳೀತದೆ."

ಬಸ್ಸು ಗುತ್ತಿಗಾರು ದಾಟುವ ಹೊತ್ತಿಗೆ ನನಗೆ ಪೂರ್ತಿ ಲೆಕ್ಕ ಸಿಕ್ಕಿತ್ತು. ಮನೆಯವರ ಮಾತಿಗೆ ಕಟ್ಟುಬಿದ್ದು ಒಂದು ರಾತ್ರಿ ನಿಲ್ಲುತ್ತಾರೆ. ಬೆಳಿಗ್ಗೆ ಆರರ ಕೆಲಸ ತಪ್ಪುತ್ತದೆ. ಹನ್ನೊಂದಕ್ಕೆ ಬಂದು ಮುಖ ತೋರಿಸಲು ನಾಚಿಕೆ. ಎರಡನೇ ದಿನಕ್ಕೆ ನಾಚಿಕೆ ಇಮ್ಮಡಿ. ಮೂರನೇ ದಿನ ಫೋನು ಸ್ವಿಚ್ ಆಫ್. ನಮ್ಮ ಕಡೆಯವರ ದಾಕ್ಷಿಣ್ಯ ಎಂಥದ್ದೆಂದು ಪುತ್ತೂರಿನಲ್ಲಿ ಹುಟ್ಟಿದ ನನಗೆ ಗೊತ್ತಿರಬೇಕಿತ್ತು. ಅರ್ಧ ದಿನ ತಡವಾಯಿತು ಎಂದು ಹೇಳಲಾಗದೆ ಕೆಲಸವನ್ನೇ ಕಳೆದುಕೊಳ್ಳುವವರು ನಾವು.

ಆದರೂ ಖಾತ್ರಿ ಮಾಡಿಕೊಳ್ಳಬೇಕಿತ್ತು. ಮರುದಿನ ಹೋದವರಿಗೆಲ್ಲ ಫೋನು ಹಚ್ಚಿದೆ. ಒಂಬತ್ತು ಜನ ಸಿಕ್ಕಿದರು. ಯಾಕೆ ಬಿಟ್ಟಿರಿ ಎಂದು ಯಾರನ್ನೂ ಕೇಳಲಿಲ್ಲ. "ಆ ದಿನ ನಿಮಗೆ ತಪ್ಪಿದ್ದು ಯಾವ ಬಸ್ಸು?" ಎಂದು ಕೇಳಿದೆ. ಆರು ಜನ ನಕ್ಕುಬಿಟ್ಟರು, ನಕ್ಕ ಮೇಲೆ ಬಸ್ಸಿನ ಹೆಸರೂ ಹೇಳಿದರು. ದೋಸೆಯವರು ಮನೆಯಲ್ಲೇ ಇದ್ದರು.

"ಈಗ ಬಂದ್ರೆ ಧಣಿ ಎಂತ ಹೇಳ್ಬಹುದು?" ಎಂದು ಕೇಳಿದರು.

"ಎಂತದೂ ಹೇಳದ ಹಾಗೆ ನಾನು ನೋಡಿಕೊಳ್ತೇನೆ" ಎಂದೆ. ಹೇಗೆಂದು ನನಗೂ ಗೊತ್ತಿರಲಿಲ್ಲ.

ದಿನ ೧೫೬. ಮಾಲಕರು ಮಧ್ಯಾಹ್ನದ ಊಟ ಮುಗಿಸಿ ಎಲೆ ಅಡಿಕೆಗೆ ಕೂತ ಹೊತ್ತು ನೋಡಿ ಪುಸ್ತಕ ತೆಗೆದುಕೊಂಡು ಹೋದೆ. ಭಟ್ಟರನ್ನೂ ಅಕ್ಕನನ್ನೂ ಕರೆದೆ. ಹದಿನೈದು ಸೊನ್ನೆಗಳನ್ನು ತೋರಿಸಿ, ಬಸ್ಸಿನ ವೇಳೆಗಳನ್ನು ಓದಿ, ನನ್ನ ಪಟ್ಟಿಯನ್ನು ಮುಂದಿಟ್ಟೆ. ರಜೆ ಇನ್ನು ಬೆಳಿಗ್ಗೆ ಶುರುವಾಗಬಾರದು. ಹಿಂದಿನ ದಿನ ಮಧ್ಯಾಹ್ನ ಎರಡಕ್ಕೆ ಹೊರಡಬೇಕು, ರಜೆಯ ಮರುದಿನ ಹನ್ನೊಂದರ ಬಸ್ಸಿಗೆ ಬಂದರೆ ಸಾಕು. ಮನೆಯಲ್ಲಿ ಎರಡು ರಾತ್ರಿ. ರೂಮು ಖಾಲಿಯಾಗುವುದು ಹನ್ನೊಂದಕ್ಕೆ, ತೊಳೆದು ಮುಗಿಯುವುದು ಎರಡಕ್ಕೆ. ಮೇಲಿನ ಮಹಡಿಗೆ ಇದರಿಂದ ನಷ್ಟವೇ ಇಲ್ಲ. ಪಟ್ಟಿಯನ್ನು ವಾರ ಮೊದಲೇ ಬರೆದು ಹಾಕುವುದು. ದೂರದ ಗದಗ, ಅಸ್ಸಾಮಿನಿಂದ ಬಂದ ನಾಲ್ವರು ರಜೆಗಳನ್ನು ಕೂಡಿಸಿ ಒಟ್ಟಿಗೆ ಹೋಗುವುದು.

ಮಾಲಕರು ಪಟ್ಟಿಯನ್ನು ದೂರ ಹಿಡಿದು ನೋಡಿದರು.

"ಹಾಗಾದ್ರೆ ನಿಮ್ಮನ್ನು ಯಾಕೆ ಇಟ್ಕೊಳ್ಳುದು? ಬಸ್ಸಿನ ಡ್ರೈವರನ್ನೇ ಮ್ಯಾನೇಜರ್ ಮಾಡುವ."

"ಅವರು ಸಿಗ್ಲಿಕ್ಕಿಲ್ಲ ಸರ್, ಅವರಿಗೆ ವೇಳೆಗೆ ಸರಿಯಾಗಿ ಮನೆಗೆ ಹೋಗ್ಲಿಕ್ಕೆ ಉಂಟು."

ಭಟ್ಟರಿಗೆ ನಗು ಬಂದರೂ ತಡೆದುಕೊಂಡರು. ಅವರ ಚಿಂತೆ ಬೇರೆ. "ರೂಮಿಗೆ ಸರಿ. ಬೆಳಿಗ್ಗೆ ಏಳಕ್ಕೆ ನನ್ನ ಕಾವಲಿ ಯಾರು ನೋಡುದು?"

"ಇನ್ನಿಬ್ಬರಿಗೆ ದೋಸೆ ಕಲಿಸಿ."

"ನನ್ನ ಕಾವಲಿಗೆ ಕಂಡಕಂಡವರು ಕೈ ಹಾಕುದಾ?"

"ಇಷ್ಟು ದಿನ ಕಂಡಕಂಡವರೇ ಹಾಕಿದ್ದಲ್ವಾ ಭಟ್ರೆ, ಮೂರು ತಿಂಗಳಿಗೆ ಒಬ್ಬರಂತೆ" ಎಂದರು ಅಕ್ಕ. ಭಟ್ಟರು ಕಲಿಸಲು ಒಪ್ಪಿದರು.

ಉಳಿದದ್ದು ಕಷ್ಟದ ಮಾತು. ಪುಸ್ತಕ ಮುಚ್ಚಿ ಹೇಳಿದೆ. ಬಸ್ಸು ತಪ್ಪಿದವರು ಬೆಳಿಗ್ಗೆ ಎಂಟರೊಳಗೆ ಫೋನು ಮಾಡಿ "ಬಸ್ಸು ತಪ್ಪಿತು" ಎಂದರೆ ಸಾಕು, ಯಾರೂ ಕಾರಣ ಕೇಳಬಾರದು. ಕೆಲಸದವರು ಬರಲು ಹೋಗಲು ಹಿಂದಿನ ಬಾಗಿಲು ತೆರೆದಿರಬೇಕು. ಮತ್ತೆ, ಯಾರು ತಡವಾಗಿ ಬಂದರೂ ಮಾಲಕರು "ಸವಾರಿ ಬಂತಾ" ಎಂದು ಕೇಳಬಾರದು.

ಮಾಲಕರ ಕೈಯಲ್ಲಿದ್ದ ಎಲೆ ಹಾಗೆಯೇ ನಿಂತಿತು. "ನಾನು ಪ್ರೀತಿಯಲ್ಲಿ ಹೇಳುದಲ್ವಾ ಅದು?"

ಅವರು ಅಕ್ಕನ ಮುಖ ನೋಡಿದರು. ಅಕ್ಕ ಗೋಡೆಯ ಗಡಿಯಾರ ನೋಡಿದರು.

"ಅದಕ್ಕೆ ಜನ ಓಡುದಾ?"

"ಓಡುದಿಲ್ಲ ಧಣಿ" ಎಂದರು ಅಕ್ಕ ಮೆಲ್ಲಗೆ. "ಬರುದಿಲ್ಲ, ಅಷ್ಟೆ."

ಮಾಲಕರು ಎಲೆಗೆ ಸುಣ್ಣ ಹಚ್ಚಿ ಮಡಚಿ ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಕೊನೆಗೆ ಆರು ಬೆರಳು ತೋರಿಸಿದರು. ಆರು ವಾರ ನಡೆಸಿ ನೋಡಲು ಒಪ್ಪಿಗೆ.

ಮೊದಲ ವಾರ ಗೊಂದಲವೋ ಗೊಂದಲ. ಭಟ್ಟರು ದೋಸೆ ಕಲಿಸಿದವರಲ್ಲಿ ಒಬ್ಬ ಮೊದಲ ದಿನ ಹಾಕಿದ ದೋಸೆಯನ್ನು ಗಿರಾಕಿಯೊಬ್ಬರು ಉತ್ತಪ್ಪ ಎಂದು ತಿಳಿದು ಇನ್ನೊಂದು ಕೇಳಿದರು. "ಬಸ್ಸು ತಪ್ಪಿತು" ಎಂಬ ಫೋನು ಮೂರು ವಾರದಲ್ಲಿ ಐದು. ಐದೂ ಜನ ಮುಂದಿನ ಬಸ್ಸಿಗೆ ಬಂದರು. ಹಳೆಯ ದೋಸೆಯವರು ಒಂದು ದಿನ ಹಿಂದಿನ ಬಾಗಿಲಿನಿಂದ ಬಂದು, ಕೈ ತೊಳೆದು, ಏನೂ ಆಗದವರ ಹಾಗೆ ಕಾವಲಿಯ ಮುಂದೆ ನಿಂತರು. ಭಟ್ಟರೂ ಏನೂ ಆಗದವರ ಹಾಗೆ ಹಿಟ್ಟಿನ ಪಾತ್ರೆ ಮುಂದೆ ಸರಿಸಿದರು. ಮಾಲಕರು ಮಾತ್ರ ಬಾಯಿ ಬಿಗಿಹಿಡಿದುಕೊಳ್ಳಲು ಪಟ್ಟ ಪಾಡು ನೋಡುವಂತಿತ್ತು. ಮೂರು ವಾರದಲ್ಲಿ ಬಿಟ್ಟು ಹೋದವರು: ಸೊನ್ನೆ. ಅಡಿಗೆರೆ ಹಾಕಿ ಬರೆದೆ.

ನಾಲ್ಕನೇ ವಾರ, ಶುಕ್ರವಾರ. ಬುಧವಾರ ಎರಡಕ್ಕೆ ಹೊರಟಿದ್ದ ನೆಟ್ಟಣದ ಹುಡುಗಿ ಹನ್ನೊಂದರ ಬಸ್ಸಿನಿಂದ ಇಳಿಯಲಿಲ್ಲ. ಎಂಟರೊಳಗೆ ಫೋನೂ ಬಂದಿರಲಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ಡಿಸೆಂಬರಿನ ವಾರಾಂತ್ಯ, ಹದಿನಾಲ್ಕು ರೂಮೂ ಭರ್ತಿ.

ಮಧ್ಯಾಹ್ನದ ಹೊತ್ತಿಗೆ ಮಾಲಕರು ಯಾರಿಗೋ ಹೇಳಿ ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದರು. "ನಾಳೆಯೇ ಬರ್ತಾರಂತೆ."

ಅಕ್ಕ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಬರ್ಲಿ" ಎಂದರು. "ನಾನು ಹೇಳಿದ್ದು ಹೇಳಿದ್ದೇ. ಅವರು ಮೇಲೆ ಹತ್ತುವಾಗ ನಾನು ಕೆಳಗೆ ಇಳೀತೇನೆ."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಆ ಹುಡುಗಿಯ ಮೇಲೆ ಅವರಿಗೂ ಆಸೆ ಇತ್ತು ಎಂದು ನನಗೆ ಆಗ ಗೊತ್ತಾಯಿತು.

"ಸರ್, ಸೋಮವಾರದವರೆಗೆ ಯಾರೂ ಬೇಡ" ಎಂದೆ.

"ಅವಳ ಪಾಲಿನ ರೂಮು ಯಾರು ಮಾಡುದು?"

"ನಾನು ಮಾಡ್ತೇನೆ."

"ಅವಳು ಬರ್ತಾಳೆ ಅಂತ ನಿಮ್ಮ ಪುಸ್ತಕದಲ್ಲಿ ಬರ್ದಿದೆಯಾ?"

ಬರೆದಿರಲಿಲ್ಲ. ಹಿಂದಿನ ಲೆಕ್ಕದ ಪ್ರಕಾರ ಎರಡನೇ ದಿನ ದಾಟಿದವರು ಯಾರೂ ತಾವಾಗಿ ಬಂದದ್ದಿಲ್ಲ. ಆದರೂ ಹೊಸಬರನ್ನು ಕರೆಸಿದರೆ ಅಕ್ಕ ಹೋಗುವುದು ಖಂಡಿತ. ಕಾದರೆ ಮೂರು ದಿನದ ಸೊಂಟನೋವು ಮಾತ್ರ. ಮಾಲಕರು ಕೈ ಆಡಿಸಿ "ಸೋಮವಾರ" ಎಂದು ಹೇಳಿ ಹೋದರು.

ಶುಕ್ರವಾರ, ಶನಿವಾರ ನಾನು ಅಕ್ಕನ ಹಿಂದೆ ರೂಮಿನಿಂದ ರೂಮಿಗೆ ನಡೆದೆ. ಬೆಡ್‌ಶೀಟಿನ ಮೂಲೆಯನ್ನು ನಲವತ್ತೈದು ಡಿಗ್ರಿಗೆ ಎತ್ತಿ, ಕೆಳಗಿನದನ್ನು ಹಾಸಿಗೆಯಡಿ ತಳ್ಳಿ, ಮೇಲಿನದನ್ನು ಇಳಿಬಿಟ್ಟು ಎಳೆಯುವುದು. ನೋಡಲು ಸುಲಭ. ನನ್ನ ಮೊದಲ ಹಾಸಿಗೆ ಗೋಣಿಚೀಲ ಕಟ್ಟಿದ ಹಾಗಿತ್ತು.

"ಅಕ್ಕಾ, ನಂಗೆ ಕಲಿಸಿದ್ದೂ ಲೆಕ್ಕಕ್ಕೆ ಸೇರ್ತದಾ?"

"ಇದು ಕಲಿತದ್ದು ಅಂತ ಯಾರು ಹೇಳಿದ್ದು?" ಎಂದು ಅಕ್ಕ ಅದನ್ನು ಎಳೆದು ಬಿಚ್ಚಿ ಹಾಕಿದರು.

ಎರಡು ದಿನದಲ್ಲಿ ಇಪ್ಪತ್ತೆಂಟು ಹಾಸಿಗೆ. ನಾನು ಹಾಕಿದ್ದು ಹನ್ನೊಂದು. ಅದರಲ್ಲಿ ಅಕ್ಕ ಬಿಚ್ಚದೆ ಬಿಟ್ಟದ್ದು ನಾಲ್ಕು.

ಭಾನುವಾರ ಹನ್ನೊಂದರ ಬಸ್ಸು ನಿಂತಾಗ ನಾನು ಕೌಂಟರಿನಲ್ಲಿ ಬೀಗದ ಕೈಗಳನ್ನು ತೆಗೆದುಕೊಳ್ಳುತ್ತಿದ್ದೆ. ಬಸ್ಸು ಹೋದ ಮೇಲೆ ನೋಡಿದರೆ ರಸ್ತೆಯಾಚೆಯ ತಂಗುದಾಣದಲ್ಲಿ ಅವಳು ನಿಂತಿದ್ದಳು. ಬ್ಯಾಗು ಕಾಲ ಹತ್ತಿರ, ಎರಡೂ ಕೈ ಬೆನ್ನ ಹಿಂದೆ. ೧೧.೦೫. ರಸ್ತೆ ಖಾಲಿಯಿತ್ತು, ಅವಳು ದಾಟಲಿಲ್ಲ. ೧೧.೨೦. ಸುಳ್ಯದ ಕಡೆಗೆ ಹೋಗುವ ಬಸ್ಸೊಂದು ಬಂತು. ಹತ್ತಿ ಹೋದಳೆಂದೇ ತಿಳಿದೆ. ಬಸ್ಸು ಹೋದಾಗಲೂ ಅವಳು ಅಲ್ಲೇ ಇದ್ದಳು. ಹಿಂದಿನ ಬಾಗಿಲಿಗೆ ಬರಬೇಕಾದರೂ ಮೊದಲು ರಸ್ತೆ ದಾಟಬೇಕು. ಅದನ್ನು ನಾನು ಯೋಚಿಸಿರಲಿಲ್ಲ.

ಮೇಲೆ ಓಡಿ ಅಕ್ಕನಿಗೆ ಹೇಳಿದೆ. ಅವರು ಕಿಟಕಿಯಿಂದ ಒಂದು ಸಲ ನೋಡಿ, ತಲೆದಿಂಬಿನ ಕವರುಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಇಳಿದು ಹೊರಟರು. ನಾನು ಗೇಟಿನವರೆಗೆ ಹೋದೆ.

ಅಕ್ಕ ರಸ್ತೆ ದಾಟಿ ಅವಳ ಎದುರು ನಿಂತರು. "ಏಳು, ಎಂಟು, ಹನ್ನೆರಡು ಖಾಲಿ ಆಗಿದೆ. ಬಾ" ಎಂದರು, ಅಂಗಡಿಗೆ ಹೋಗಿ ಬಂದವಳಿಗೆ ಹೇಳುವ ಹಾಗೆ.

ಹುಡುಗಿ ತಲೆ ಎತ್ತಲಿಲ್ಲ.

"ಕೈ ಎಂತ ಹಿಂದೆ? ತೋರ್ಸು."

ತೋರಿಸಿದಳು. ಮೊಣಕೈಯವರೆಗೆ ಮದರಂಗಿ, ಗಾಢ ಕೆಂಪು. ಮದುವೆಯ ಹಿಂದಿನ ದಿನದ ಮದರಂಗಿ ಶಾಸ್ತ್ರಕ್ಕೆ ನಿಂತವಳೆಂದು ದಾರಿಯಲ್ಲಿ ಹೋಗುವವರಿಗೂ ಗೊತ್ತಾಗುವ ಹಾಗಿತ್ತು.

"ಚಿಕ್ಕಮ್ಮನ ಮಗಳದ್ದು" ಎಂದಳು. "ಶುಕ್ರವಾರ ಬರುವ ಅಂತಲೇ ಇದ್ದೆ. ಅವರೆಲ್ಲ ಹಿಡಿದು ಕೂರಿಸಿ ಹಾಕಿದ್ರು. ಮತ್ತೆ ಮದುವೆಗೆ ನಿಲ್ಲು ಅಂದ್ರು. ಮತ್ತೆ ಫೋನು ಮಾಡ್ಲಿಕ್ಕೆ…"

"ಯಾರು ಕೇಳಿದ್ರು ನಿನ್ನ ಹತ್ರ?" ಅಕ್ಕ ಅವಳ ಅಂಗೈ ತಿರುಗಿಸಿ ನೋಡಿದರು. "ಒಳ್ಳೆ ಬಣ್ಣ ಬಂದಿದೆ. ಬಿಳಿ ಬೆಡ್‌ಶೀಟಿಗೆ ತಾಗಿಸಿದ್ರೆ ಮಾತ್ರ ಕೈ ಕಡಿತೇನೆ."

ಬ್ಯಾಗನ್ನು ಅವಳ ಹೆಗಲಿಗೆ ಹಾಕಿ, ಕವರುಗಳ ಕಟ್ಟನ್ನೂ ಅವಳ ಕೈಗೇ ಕೊಟ್ಟು ಅಕ್ಕ ಮುಂದೆ ನಡೆದರು. ಹಿಂದಿನ ಬಾಗಿಲಿಗೆ ಹೋಗಲಿಲ್ಲ, ನೇರವಾಗಿ ಮುಂದಿನ ಬಾಗಿಲಿನಿಂದಲೇ ಕರೆತಂದರು. ಕೌಂಟರಿನಲ್ಲಿದ್ದ ಮಾಲಕರ ಬಾಯಿ ತೆರೆಯಿತು. ನಾನು ಅವರನ್ನೇ ನೋಡುತ್ತಿದ್ದೆ. ಅವರು ಪೇಪರನ್ನು ಮುಖದೆತ್ತರಕ್ಕೆ ಎತ್ತಿ ಹಿಡಿದು ಕ್ರೀಡಾ ಪುಟ ಓದತೊಡಗಿದರು. ಇಬ್ಬರೂ ಮೆಟ್ಟಿಲು ಹತ್ತಿ ಮರೆಯಾಗುವವರೆಗೆ ಪೇಪರು ಇಳಿಯಲಿಲ್ಲ.

"ಮದುವೆ ಊಟ ಹೇಗಿತ್ತಂತೆ?" ಎಂದು ಆಮೇಲೆ ನನ್ನ ಹತ್ತಿರ ಪಿಸುಗುಟ್ಟಿದರು. "ಇಷ್ಟು ಕೇಳ್ಬಹುದಾ?"

"ಸಂಜೆ ಕೇಳಿ ಸರ್."

ಗೊತ್ತು ಮಾಡಿದ್ದ ಹೆಂಗಸಿಗೆ ಬರುವುದು ಬೇಡವೆಂದು ಹೇಳಿ ಕಳಿಸಿದರು.

ಸಂಜೆ ಐದಕ್ಕೆ ನಾನು ಮುಂದಿನ ವಾರದ ರಜೆ ಪಟ್ಟಿ ಬರೆಯಲು ಕೂತಿದ್ದೆ. ಒಂದು ತಿಂಗಳಿಂದ ಎಲ್ಲರ ಹೆಸರೂ ಹೊಸ ಕ್ರಮಕ್ಕೆ ಬಂದಿತ್ತು. ಅಕ್ಕ ಮಾತ್ರ ತಮ್ಮ ಹೆಸರು ಬರೆಯಲು ಬಿಟ್ಟಿರಲಿಲ್ಲ. ಇಂದೋ ನಾಳೆಯೋ ಹೊರಡುವವಳಿಗೆ ಪಟ್ಟಿ ಯಾಕೆ ಎಂದು ಹೇಳುತ್ತ, ಹಳೆಯ ಹಾಗೆಯೇ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದರು. ಈಗ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಹೆಗಲ ಮೇಲಿಂದ ಹಾಳೆಯನ್ನು ನೋಡಿದರು.

"ಬುಧವಾರಕ್ಕೆ ಯಾರು?"

"ಯಾರೂ ಇಲ್ಲ."

"ನನ್ನ ಹೆಸರು ಹಾಕು. ಮಂಗಳವಾರ ಎರಡಕ್ಕೆ ಹೊರಡ್ತೇನೆ." ಸ್ವಲ್ಪ ತಡೆದು, "ಗುರುವಾರ ಹನ್ನೊಂದಕ್ಕೆ ಬರ್ತೇನೆ ಅಂತಲೂ ಬರಿ."

ಬರೆದೆ. ಅವರು ಓದಿ ನೋಡಿ, ಸರಿ ಉಂಟು ಎಂದು ತಲೆಯಾಡಿಸಿ, ಎರಡು ಬಕೆಟ್ ಎತ್ತಿಕೊಂಡು ಮೇಲೆ ಹೋದರು.